ಮಗಳ ಬಾಯಲ್ಲಿ ಹೇಳಿಸಿದ ಸುಳ್ಳು

ಕಾರು ಕೊಂಡ ಎರಡನೆಯ ವರ್ಷದಲ್ಲಿ ಅದರ ವೈರಿಂಗ್‌ಗೆ ಕೈ ಹಾಕಿದ್ದು ನಾನೇ. ಇದನ್ನು ಇಲ್ಲಿ ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಹೇಳಲೇಬೇಕಾಗಿದ್ದ ಜಾಗದಲ್ಲಿ, ಹೇಳಲೇಬೇಕಾಗಿದ್ದ ಮನುಷ್ಯರ ಎದುರು ನನ್ನ ಬಾಯಿಂದ ಅದು ಹೊರಡಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಗದಗ ಕಡೆಯವನಾದ ನಾನು ಸರ್ಕಾರಿ ಒಡೆತನದ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂಗೆ ಬಂದು, ಹೆಂಡತಿ ಮತ್ತು ಮಗಳೊಂದಿಗೆ ಕ್ವಾರ್ಟರ್ಸ್‌ನಲ್ಲಿದ್ದೆ. ನನ್ನ ತೆಲುಗು ಸೈಟಿನಲ್ಲಿ ಕಲಿತದ್ದು. ಎತ್ತು, ದಿಂಚು, ಲಾಗು, ತ್ವರಗಾ ರಾ – ಇಳಿಸು, ಎಳೆ, ಬೇಗ ಬಾ ಎನ್ನುವಂಥ ಇಷ್ಟೇ ಮಾತಿನಲ್ಲಿ ಆರು ವರ್ಷ ದೂಡಿದ್ದೆ. ಗೌರವದ ಮಾತೆಂಬುದು ಅದರಲ್ಲಿ ಇರಲೇ ಇಲ್ಲ. ಮಗಳ ಶಾಲೆಯ ಹೆಡ್‌ಮಾಸ್ತರರನ್ನು ‘ನುವ್ವು’ ಎಂದು ಏಕವಚನದಲ್ಲಿ ಮಾತಾಡಿಸಿ ಬಂದ ದಿನ ಹೆಂಡತಿ ನನಗೆ ಕೈಮುಗಿದಳು.

“ರೀ, ಇನ್ನ ಮ್ಯಾಲೆ ನೀವು ಬಾಯಿ ತಗೀಬ್ಯಾಡ್ರಿ. ಜಗಳಕ್ಕ ಬಂದಾನ ಅನ್ಕೋತಾರ ಮಂದಿ. ಹುಡುಗಿ ಮಾತಾಡ್ಲಿ.”

ಅಂದಿನಿಂದ ಅದೇ ಪದ್ಧತಿಯಾಯಿತು. ದರ್ಜಿ, ಗ್ಯಾಸಿನವರು, ಡಾಕ್ಟರು, ಯಾರೇ ಇರಲಿ, ನಾನು ಕನ್ನಡದಲ್ಲಿ ಹೇಳುವುದು, ಆರನೇ ಕ್ಲಾಸಿನ ಮಗಳು ಅದಕ್ಕೆ ಮರ್ಯಾದೆಯ ಒಂದು ‘ಗಾರು’, ಒಂದು ‘ಅಂಡಿ’ ಸೇರಿಸಿ ಚೆಂದ ಮಾಡಿ ದಾಟಿಸುವುದು. ಕನ್ನಡ ಅವಳಿಗೆ ಮನೆಯೊಳಗಿನ ಭಾಷೆ, ತೆಲುಗು ಮಾತ್ರ ನೀರು ಕುಡಿದಷ್ಟು ಸಲೀಸು. ಅಪ್ಪನ ಪರವಾಗಿ ಮಾತಾಡುವುದೆಂದರೆ ಅವಳಿಗೂ ಒಂದು ಜಂಬ. ಹೋದಲ್ಲೆಲ್ಲ ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಕಾರು ಸಣ್ಣದು. ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಶೋರೂಮಿನಲ್ಲಿ ಕೊಂಡದ್ದು, ನಮ್ಮ ಮನೆತನಕ್ಕೇ ಮೊದಲನೆಯದು. ಅದರ ಹೆಡ್‌ಲೈಟು ಮಂಕು. ಎದುರಿನಿಂದ ಬೂದಿ ತುಂಬಿದ ಲಾರಿ ಬಂದರೆ ರಸ್ತೆಯೇ ಮಾಯವಾಗುತ್ತಿತ್ತು. ಜೊತೆಯವರೆಲ್ಲ ಅಂಗಡಿಗಳಲ್ಲಿ ದೊಡ್ಡ ಬಲ್ಬು, ಜೋಡಿ ಹಾರ್ನು ಹಾಕಿಸಿಕೊಂಡಿದ್ದರು. ನಾನು ಮೂಗು ಮುರಿದೆ. ಕಂಡವರ ಕೈಯಲ್ಲಿ ವೈರು ಎಳೆಸಲು ನಾನೇನು ಕೈಲಾಗದವನೇ? ಸೈಟಿನಲ್ಲಿ ಫೆರೂಲ್ ಹಾಕದೆ ವೈರು ಕಟ್ಟಿದ ಕಾಂಟ್ರಾಕ್ಟರನ ಕೆಲಸವನ್ನು ಪೂರ್ತಿ ಕೀಳಿಸಿ ಹಾಕಿದವನು ನಾನು. ಫೆರೂಲ್ ಎಂದರೆ ವೈರಿನ ಎರಡೂ ತುದಿಗೆ ಏರಿಸುವ, ನಂಬರು ಬರೆದ ಪುಟ್ಟ ಪ್ಲಾಸ್ಟಿಕ್ ಕೊಳವೆ. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅದು ಹೇಳುತ್ತದೆ. ಸ್ಥಾವರದವರಿಗೆ ಅದಿಲ್ಲದೆ ಕೈಯೇ ಓಡುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕ್ವಾರ್ಟರ್ಸ್ ಮುಂದಿನ ಬೇವಿನ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಕೂತೆ. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾರ್ಕರ್ ಪೆನ್ನಿನಿಂದ ಫೆರೂಲ್‌ಗಳ ಮೇಲೆ ದುಂಡಗೆ ನಂಬರು ಬರೆದು ಕೊಡುತ್ತಿದ್ದಳು. ಒಂದು ಸಲ ಕತ್ತೆತ್ತಿ ಕೇಳಿದಳು.

“ಅಪ್ಪಾ, ಇದಕ್ಯಾಕ ನಂಬರ? ನಾವಿಬ್ರಽ ಅಲ್ಲ ನೋಡೋದು?”

“ನಾಳೆ ಯಾರರೆ ಬಿಚ್ಚಿದ್ರ ಅವರಿಗೆ ತಿಳೀಬೇಕಲ್ಲ. ಕೆಲಸ ಮಾಡಿದಾವ ಎದುರಿಗೆ ಇಲ್ಲಂದ್ರೂ ಅವನ ಕೆಲಸ ಖರೇ ಹೇಳಬೇಕು” ಎಂದೆ. ಹೀಗೆ ಮಾತು ಉದುರಿಸುವುದರಲ್ಲಿ ನಾನು ಯಾವತ್ತೂ ಮುಂದು.

ಹೊಸ ದೀಪ, ಹೊಸ ಹಾರ್ನು ಹಾಕಿದ ಮೇಲೆ ಫ್ಯೂಸು ಮೂರು ಸಲ ಹೋಯಿತು. ನಾಲ್ಕನೆಯ ಸಲ ನಾನು ಅದರ ಜಾಗದಲ್ಲಿ ದುಪ್ಪಟ್ಟು ಶಕ್ತಿಯ ಫ್ಯೂಸು ತುರುಕಿದೆ. ನನ್ನ ಕೈಕೆಳಗಿನವನು ಯಾರಾದರೂ ಈ ಕೆಲಸ ಮಾಡಿದ್ದರೆ ಇಡೀ ಸೈಟಿಗೆ ಕೇಳುವಂತೆ ಕೂಗಾಡುತ್ತಿದ್ದೆ. ಫ್ಯೂಸು ಹೋಗಲಿಲ್ಲ, ವೈರು ಹೋಯಿತು. ಎರಡೇ ವಾರಕ್ಕೆ ಗೊಲ್ಲಪೂಡಿ ಹತ್ತಿರ ಡ್ಯಾಶ್‌ಬೋರ್ಡಿನ ಒಳಗಿಂದ ಹೊಗೆ ಬಂದು ಕಾರು ನಿಂತಿತು.

ಅದನ್ನು ಮನೆಗೆ ಎಳೆಸಿಕೊಂಡು ಬಂದು, ಸರ್ವಿಸ್‌ನವರ ಗಾಡಿ ಬರುವ ಮೊದಲು ನಾನು ಹಾಕಿದ್ದನ್ನೆಲ್ಲ ಕಿತ್ತೆ. ದೀಪ, ಹಾರ್ನು, ದೊಡ್ಡ ಬಲ್ಬು, ಆ ಫ್ಯೂಸು, ಎಲ್ಲವೂ ಚೀಲ ಸೇರಿದವು. ಒಂದು ವೈರು ಮಾತ್ರ ಬರಲಿಲ್ಲ. ಕಂಪನಿಯ ವೈರುಗಳ ಜೊತೆಗೇ ಕರಗಿ ಅಂಟಿಕೊಂಡಿತ್ತು. ಕೈಗೆ ಸಿಕ್ಕಷ್ಟು ಕತ್ತರಿಸಿ ಉಳಿದದ್ದನ್ನು ಒಳಗೆ ತಳ್ಳಿದೆ. ಹೊರಗಿನ ಕೆಲಸ ಮಾಡಿಸಿದರೆ ವಾರಂಟಿ ಇಲ್ಲವೆಂದು ಪುಸ್ತಕದಲ್ಲಿ ಬರೆದಿತ್ತು, ನಿಜ. ಆದರೆ ಖರ್ಚಿನ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ಇಷ್ಟು ವರ್ಷದ ಎಲೆಕ್ಟ್ರಿಕಲ್ ಎಂಜಿನಿಯರ್ ತನ್ನ ಕಾರನ್ನು ತಾನೇ ಸುಟ್ಟುಕೊಂಡ ಎಂದು ಕ್ಯಾಂಟೀನಿನಲ್ಲಿ ನಗುವುದನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ.

ಮರುದಿನ ಶನಿವಾರ. ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬೆಂಜ್ ಸರ್ಕಲ್‌ಗೆ ಹೋದೆ. ಸರ್ವಿಸ್ ವಿಭಾಗದ ಮೇಜಿನ ಹಿಂದೆ ಟೈ ಕಟ್ಟಿದ ಒಬ್ಬರು ಜಾಬ್ ಕಾರ್ಡ್ ತುಂಬುತ್ತ ಕೇಳಿದರು.

“ಬೈಟ ಏಮೈನಾ ಫಿಟ್ ಚೇಯಿಂಚಾರಾ ಸಾರ್?”

ಹೊರಗೆ ಏನಾದರೂ ಹಾಕಿಸಿದ್ದೀರಾ ಎಂದು. ಅಷ್ಟು ತೆಲುಗು ನನಗೆ ಅರ್ಥವಾಗುತ್ತಿತ್ತು, ಇಲ್ಲ ಎನ್ನುವಷ್ಟು ಬರುತ್ತಲೂ ಇತ್ತು. ಆದರೂ ನಾನು ಮಗಳ ಕಡೆ ತಿರುಗಿದೆ.

“ಹೊರಗ ಎಲ್ಲೂ ಏನೂ ಮಾಡ್ಸಿಲ್ಲಂತ ಹೇಳು. ಹೋದ ತಿಂಗಳ ಸರ್ವಿಸಿಗೆ ಬಿಟ್ಟಾಗ ಇಲ್ಲೇ ಡ್ಯಾಶ್‌ಬೋರ್ಡ್ ಬಿಚ್ಚಿದ್ರು, ಅದನ್ನೂ ಹೇಳು.”

ಬಿಚ್ಚಿದ್ದು ನಿಜವೇ. ಎಲ್ಲೋ ಕಟಕಟ ಸದ್ದು ಬರುತ್ತದೆಂದು ನಾನೇ ಹೇಳಿದ್ದೆ. ನನ್ನ ಭಾನುವಾರದ ಕೆಲಸ ಅದಾದ ಮೇಲಿನದು. ಮಗಳು ನನ್ನ ಮುಖ ನೋಡಿದಳು.

“ಹಂಗಽ ಹೇಳ್ಲಾ ಅಪ್ಪಾ?”

“ಹೇಳು ಅಂದ್ನೆಲ್ಲಾ.”

ಅವಳು ಹೇಳಿದಳು. ಎಷ್ಟು ಮರ್ಯಾದೆಯಿಂದ, ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ ಟೈ ಕಟ್ಟಿದವರು ಮತ್ತೆ ಕೇಳಲೇ ಇಲ್ಲ. ಹಾಗೇ ಬರೆದುಕೊಂಡರು, ಕೆಳಗೆ ನಾನು ಸಹಿ ಹಾಕಿದೆ.

ವರ್ಕ್‌ಶಾಪಿನ ಮ್ಯಾನೇಜರು ಬಂದು, ಹೋದ ತಿಂಗಳು ಡ್ಯಾಶ್‌ಬೋರ್ಡ್ ಬಿಚ್ಚಿದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ನಲವತ್ತು ದಾಟಿದವರು, ನರೆತ ಮೀಸೆ, ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ಈಗ ಅವರು ಎನ್ನುತ್ತಿದ್ದೇನೆ, ಆಗ ನನ್ನ ಮನಸ್ಸಿನಲ್ಲಿ ಅವನು ಎಂದೇ ಇತ್ತು. ಕಾಯುತ್ತ ಕೂತ ಐದಾರು ಗಿರಾಕಿಗಳ ಎದುರಿಗೇ ಮ್ಯಾನೇಜರು ಅವರನ್ನು ತರಾಟೆಗೆ ತೆಗೆದುಕೊಂಡರು. ಒಂದು ಕನೆಕ್ಟರ್ ನೆಟ್ಟಗೆ ಕೂರಿಸಲು ಬರುವುದಿಲ್ಲವೇ, ಗಾಡಿಗೆ ಬೆಂಕಿ ಹತ್ತಿದ್ದರೆ ಈ ಮಗುವಿನ ಗತಿ ಏನು ಎಂದು ನನ್ನ ಮಗಳ ಕಡೆಯೇ ಕೈ ತೋರಿಸಿದರು. ಎಲೆಕ್ಟ್ರಿಷಿಯನ್ನರು ವಾದ ಮಾಡಲಿಲ್ಲ. “ಚೂಸ್ತಾನು ಸಾರ್” ಎಂದು, ನೋಡುತ್ತೇನೆಂದಷ್ಟೇ ಹೇಳಿ ಒಳಗೆ ಹೋದರು. ಮಗಳು ತನ್ನ ಚಪ್ಪಲಿ ನೋಡುತ್ತ ನಿಂತಿದ್ದಳು.

ಕಾಯುವ ಕೋಣೆಗೂ ವರ್ಕ್‌ಶಾಪಿಗೂ ನಡುವೆ ಗಾಜಿನ ಗೋಡೆಯಿತ್ತು. ಅವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಬಹಳ ಹೊತ್ತು ಮಲಗಿದ್ದರು. ಆಮೇಲೆ ಎದ್ದರು. ಕೈಯಲ್ಲಿ ಸುಟ್ಟು ಕರಕಲಾದ ಒಂದು ಗೇಣು ವೈರು. ಕನ್ನಡಕ ಏರಿಸಿ ಅದರ ತುದಿಯನ್ನು ಬೆಳಕಿಗೆ ಹಿಡಿದು, ಫೆರೂಲನ್ನು ಉಗುರಿನಿಂದ ಉಜ್ಜಿ ಓದಿದರು. ಕಾರು ತಯಾರಿಸುವ ಯಾವ ಕಂಪನಿಯೂ ಮಗುವಿನ ದುಂಡಕ್ಷರದಲ್ಲಿ ನಂಬರು ಬರೆಸುವುದಿಲ್ಲ. ಅವರು ಗಾಜಿನಾಚೆಯಿಂದ ನಮ್ಮತ್ತ ನೋಡಿದರು. ಮುಖ ತೊಳೆದು ಬರುತ್ತೇನೆಂದು ಮಗಳಿಗೆ ಹೇಳಿ ನಾನು ಅಲ್ಲಿಂದ ಎದ್ದು ಹೋದೆ. ಹೋದೆ ಎನ್ನುವುದು ಬೇಡ, ತಪ್ಪಿಸಿಕೊಂಡೆ.

ನಲ್ಲಿಯ ಮುಂದೆ ನಿಂತು ಒಂದೊಂದೇ ಉತ್ತರ ಸಿದ್ಧಮಾಡಿಕೊಂಡೆ. ಕಾರು ಕೊಟ್ಟಾಗಲೇ ಇತ್ತೇನೋ ಎನ್ನೋಣವೇ, ನನಗೇನೂ ಗೊತ್ತಿಲ್ಲ ಎನ್ನೋಣವೇ ಎಂದು ಯೋಚಿಸಿ, ಹತ್ತು ನಿಮಿಷದ ಮೇಲೆ ಹಿಂದಿರುಗಿದರೆ ಎಲೆಕ್ಟ್ರಿಷಿಯನ್ನರು ಮ್ಯಾನೇಜರ ಮುಂದೆ ಬರಿಗೈಯಲ್ಲಿ ನಿಂತಿದ್ದರು.

“ನಾದೇ ತಪ್ಪು ಸಾರ್” ಎನ್ನುತ್ತಿದ್ದರು. ತಾವೇ ಕನೆಕ್ಟರ್ ಸಡಿಲ ಬಿಟ್ಟದ್ದಂತೆ.

ಬಾಯಿ ತೆರೆಯಬೇಕಾದ ಕ್ಷಣ ಅದು. ಮ್ಯಾನೇಜರು ನನ್ನ ಕೈ ಹಿಡಿದು ಕ್ಷಮೆ ಕೇಳಿದರು, ವಾರಂಟಿಯಲ್ಲೇ ಪೂರ್ತಿ ಹೊಸ ವೈರಿಂಗ್ ಹಾಕಿಕೊಡುತ್ತೇವೆಂದರು. ನಾನು ಏನು ಮಾಡಿದೆ ಗೊತ್ತೇ? ದೊಡ್ಡ ಮನಸ್ಸು ತೋರಿಸಿದೆ. ಹೋಗಲಿ ಬಿಡಿ, ಅವರನ್ನು ಬಹಳ ಬೈಯಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಇದನ್ನು ಬರೆಯುವಾಗಲೂ ನನ್ನ ಮೈಯನ್ನು ನಾನೇ ಪರಚಿಕೊಳ್ಳುವಂತಾಗುತ್ತದೆ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮುಂದಿನ ವಾರ ದರ್ಜಿಯ ಹತ್ತಿರ ಹೋಗೋಣ ಬಾ ಎಂದಾಗ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

“ನೀನಽ ಮಾತಾಡು ಅಪ್ಪಾ. ನಿಂಗ ಬರ್ತೈತಲ್ಲ.”

ಆಮೇಲೆ ಅವಳು ನನ್ನ ಪರವಾಗಿ ಒಂದು ಮಾತೂ ತೆಲುಗಿಗೆ ದಾಟಿಸಲಿಲ್ಲ. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ನಾಚಿಕೆ ಎಂದು ಹೆಂಡತಿ ಸಮಾಧಾನ ಹೇಳಿದಳು. ನಾನು ಹೌದೆಂದೆ.

ಮುಂದಿನ ಸರ್ವಿಸಿಗೆ ಹೋದಾಗ ಆ ಎಲೆಕ್ಟ್ರಿಷಿಯನ್ನರು ಗಮ್‌ಬೂಟು ಹಾಕಿಕೊಂಡು ಕಾರು ತೊಳೆಯುವ ಕಡೆ ಇದ್ದರು. ವೈರಿಂಗ್ ಕೆಲಸದಿಂದ ಅವರನ್ನು ತೆಗೆದು ಅಲ್ಲಿಗೆ ಹಾಕಿದ್ದರು. ಕೆಲಸದಿಂದಲೇ ತೆಗೆದಿಲ್ಲವಲ್ಲ, ಸಂಬಳ ಬರುತ್ತಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ಸಮಾಧಾನಗಳು ನನಗೆ ಬೇಗ ಹೊಳೆಯುತ್ತವೆ. ಎರಡು ವರ್ಷದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಧುರವಾಡದಲ್ಲಿ ಫ್ಲಾಟು ಹಿಡಿದೆವು. ಹಳೆಯ ಕಾರು ಮಾರಿ ಬೇರೆಯದು ಕೊಂಡೆವು.

ಅಲ್ಲಿ ಒಂದು ದಿನ ಹೊಸ ಕಾರನ್ನು ಸರ್ವಿಸಿಗೆ ಬಿಡಲು ಹೋಗಿದ್ದೆವು. ಮಗಳು ಆಗ ಎಂಜಿನಿಯರಿಂಗ್ ಮೊದಲ ವರ್ಷ. ಮೇಜಿನ ಹಿಂದಿನ ಹುಡುಗಿ ಜಾಬ್ ಕಾರ್ಡ್ ತುಂಬುತ್ತ ಹೊರಗಿನ ಫಿಟ್ಟಿಂಗ್ ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಈ ಸಲ ಅದು ನಿಜ. ಆದರೂ ಮಗಳು ಅತ್ತ ತಿರುಗಿದ್ದು ಕಂಡಿತು. ಹೊರಗೆ ಆಟೊಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ.

“ಈ ಸಲ ಖರೇನ ಹೇಳೀನಿ ನಾ” ಎಂದೆ.

ಅವಳು ಆಟೊ ಬರುವ ದಿಕ್ಕನ್ನೇ ನೋಡುತ್ತ ಹೇಳಿದಳು. “ಅಪ್ಪಾ, ಅವತ್ತ ನೀ ಮುಖ ತೊಳ್ಕೊಳ್ಳಾಕ ಹೋದಾಗ ನಾ ಆ ಎಲೆಕ್ಟ್ರಿಷಿಯನ್ ಅವರ ಹತ್ರ ಹೋಗಿ ಹೇಳಿದ್ದೆ. ಸುಳ್ಳು ಹೇಳೀನಿ, ನಂಬರ ಬರದಾಕಿ ನಾನಽ ಅಂತ. ಅಳು ಬಂದಿತ್ತು ನಂಗ.”

“ಏನಂದ್ರು?”

“ಅಳಬ್ಯಾಡ ಅಂದ್ರು. ‘ನಿಮ್ಮ ಅಪ್ಪಾರು ಮಗಳ ಮುಂದ ತಲೆ ತಗ್ಗಿಸೋದು ಬ್ಯಾಡ, ಈಗ ನಾ ನೋಡ್ಕೋತೀನಿ. ದೊಡ್ಡ ಎಂಜಿನಿಯರ್ ಅವರು, ಒಂದಿನ ಅವರಽ ಬಂದು ಹೇಳ್ತಾರ. ಅಲ್ಲೀತನಕ ನೀ ಯಾರ ಮುಂದೂ ಹೇಳಬ್ಯಾಡ’ ಅಂದ್ರು. ನಾ ಕಾದೆ ಅಪ್ಪಾ. ನೀ ಸರ್ವಿಸಿಗೆ ಹೋಗಿ ಬಂದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ.”

ಆಟೊ ಬಂತು, ಹತ್ತಿ ಕೂತೆವು. ಮರುವಾರವೇ ನಾನು ವಿಜಯವಾಡಕ್ಕೆ ಹೋದೆ. ಸರ್ವಿಸ್ ವಿಭಾಗದಲ್ಲಿ ಎಲ್ಲರೂ ಹೊಸಬರು, ಆ ಎಲೆಕ್ಟ್ರಿಷಿಯನ್ನರು ಎಲ್ಲಿಗೆ ಹೋದರೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ವರ್ಗವಾಗುವ ಮುಂಚಿನ ಆ ಎರಡು ವರ್ಷಗಳಲ್ಲಿ ನಾನು ಅಲ್ಲಿಗೆ ನಾಲ್ಕೈದು ಸಲ ಹೋಗಿದ್ದೆ. ಪ್ರತಿ ಸಲವೂ ಅವರು ನನ್ನ ಕಾರನ್ನು ತಾವೇ ತೊಳೆದು ತರುತ್ತಿದ್ದರು. ಬೀಗದಕೈ ಕೊಟ್ಟ ಮೇಲೂ ಹೋಗದೆ, ಬಟ್ಟೆಯಿಂದ ಗಾಜನ್ನು ಇನ್ನೊಮ್ಮೆ ಒರೆಸುತ್ತ ಬಾಗಿಲ ಬಳಿ ನಿಲ್ಲುತ್ತಿದ್ದರು. ಕೊನೆಯ ಸಲವೂ ಹಾಗೇ ನಿಂತರು. ಭಕ್ಷೀಸಿಗೆ ನಿಂತಿದ್ದಾರೆಂದುಕೊಂಡು ನಾನು ಅವರ ಒದ್ದೆ ಕೈಯಲ್ಲಿ ಒಂದು ನೋಟು ಇಟ್ಟೆ. ಅವರು ಅದನ್ನು ನೋಡಿ, ಬೇಡವೆಂದು ನನ್ನ ಕಡೆಗೆ ಚಾಚಿದರು. ಕಡಿಮೆಯಾಯಿತೇನೋ ಎಂದು ನಾನು ಜೇಬಿನಿಂದ ಇನ್ನೊಂದು ನೋಟು ತೆಗೆದೆ.