ನಾಲ್ಕನೆಯ ವಿಮಾನ

ಮಿಕ್ಸಿಗೆ ಎಷ್ಟೇ ಗುಂಡಿಗಳಿರಲಿ, ಚಟ್ನಿ ಒಂದರಿಂದಲೇ ಆಗುತ್ತದೆ. ಉಳಿದವು, ಮದುವೆಮನೆಯಲ್ಲಿ ಸುಮ್ಮನೆ ಓಡಾಡುವ ಬಂಧುಗಳಂತೆ, ಶೋಭೆಗೆಂದೇ ಇರುತ್ತವೆ ಎಂಬುದು ನನ್ನ ದೃಢ ನಂಬಿಕೆ. ಇಷ್ಟು ಯಂತ್ರಜ್ಞಾನವುಳ್ಳ ನನ್ನನ್ನು ಸೊಸೆ ಶ್ವೇತಾ ಒಂದು ಶನಿವಾರ ಆಕಾಶಯುದ್ಧಕ್ಕೆ ಇಳಿಸಿದಳೆಂದರೆ ನೀವು ನಂಬಲೇಬೇಕು.

ಅವಳ ಆಫೀಸು ನಂಜನಗೂಡಿನ ನಮ್ಮ ಊಟದ ಮೇಜು. ಪೈಲಟ್‌ಗಳ ತರಬೇತಿಗೆಂದು ಕಂಪ್ಯೂಟರಿನೊಳಗೆ ನಡೆಯುವ ಹುಸಿಯುದ್ಧಕ್ಕೆ, ಬ್ರೌಸರಿನಲ್ಲಿ ತೆರೆಯುವ ಪರದೆಯನ್ನು ಅವಳು ರೂಪಿಸುತ್ತಾಳೆ. ಏನೂ ಅರಿಯದವರೊಬ್ಬರು ಯಾರನ್ನೂ ಕೇಳದೆ, ಗೆದ್ದೋ ಸೋತೋ, ಮೊದಲ ಪಾಠ ಮುಗಿಸಬೇಕು, ತಪ್ಪು ಮಾಡಹೊರಟರೆ ಪರದೆಯೇ ಎಚ್ಚರಿಸಬೇಕು ಎಂಬುದು ಪರೀಕ್ಷೆಯ ನಿಯಮ. ಏನೂ ಅರಿಯದವರು ಮನೆಯಲ್ಲೇ ಇದ್ದುದರಿಂದ ಹುಡುಕಾಟ ಬೇಕಾಗಲಿಲ್ಲ. ಸಂಜೆಯೊಳಗೆ ಪರದೆ ಪಾಸಾದರೆ ಮಾತ್ರ ಮರುದಿನ ಟಿ. ನರಸೀಪುರದಲ್ಲಿ ತನ್ನ ತಂಗಿಯ ಸೀಮಂತಕ್ಕೆ ಹೋಗಲು ಅವಳಿಗೆ ಬಿಡುವು.

"ಅತ್ತೆ, ನೀಲಿ ನಮ್ಮೋರು, ಕೆಂಪು ಶತ್ರು. ಇನ್ನೇನೂ ಕೇಳ್ಬೇಡಿ."

ಕೇಳಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸೌಜನ್ಯದಿಂದ, ಗುರಿಯಿಡುವ ಮುನ್ನ 'ಎಕ್ಸ್‌ಕ್ಯೂಸ್ ಮಿ' ಎನ್ನಲು ಗುಂಡಿಯಿದೆಯೇ ಎಂದಷ್ಟೇ ಹುಡುಕಿದೆ. ಆಗ ಕಂಡಿತು: ಹೊರಟು ನಿಂತ ನೀಲಿ ವಿಮಾನಗಳು ಮೂರು! ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಮೂವರು ಹೊರಡುವುದಿಲ್ಲ. ಶ್ವೇತಾಳನ್ನು ನೋಡಲು ಹೋದಾಗಲೂ ಪಕ್ಕದ ಮನೆಯವರನ್ನು ಕಾರಿಗೆ ಹತ್ತಿಸಿಕೊಂಡಿದ್ದೆವು. ದೂರದಲ್ಲಿ ದಪ್ಪನೆಯ ನೀಲಿ ವಿಮಾನವೊಂದು ಒಂಟಿಯಾಗಿ ಸುತ್ತುತ್ತಿತ್ತು. ಪಾಪ, ಅದನ್ನೂ ಜೊತೆಮಾಡಿ ಕಳಿಸಿದೆ.

"ಅಯ್ಯೋ ಅತ್ತೆ, ಅದು ಟ್ಯಾಂಕರ್! ಆಕಾಶದಲ್ಲೇ ಬೇರೆ ವಿಮಾನಕ್ಕೆ ಪೆಟ್ರೋಲ್ ಹಾಕೋದು. ಅದರ ಹತ್ರ ಒಂದು ಪಟಾಕೀನೂ ಇಲ್ಲ!"

"ಜೊತೆಗಿರ್ಲಿ ಅಂತ ಕಣಮ್ಮ."

ಕೆಂಪಿನವರು ಅದನ್ನು ಕ್ಷಣದಲ್ಲಿ ಉರುಳಿಸಿದರು. ಇಂಧನ ಮುಗಿದು ಉಳಿದವೂ ಬಿದ್ದವು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು, "ನಿನ್ನ ಗಡೀಲಿ ನಿಲ್ಲಿಸಿದ್ರೆ ಶತ್ರು ಊಟ ಮಾಡ್ಕೊಂಡೇ ಹೋಗ್ತಾನೆ ಕಣೇ" ಎಂದರು. ನಗು ಬಾರದ್ದು ಶ್ವೇತಾಳೊಬ್ಬಳಿಗೇ. ಪರದೆ ಎಚ್ಚರಿಸಿರಲಿಲ್ಲ, ಅಂದರೆ ಫೇಲಾದದ್ದು ನಾನಲ್ಲ, ಅವಳು. ಸೀಮಂತಕ್ಕೆಂದು ತೆಗೆದಿಟ್ಟ ಸೀರೆಯತ್ತ ಅವಳು ನೋಡಿದ್ದು ಕಂಡು, ಎದ್ದು ಹೋಗಿ ಕಾಫಿ ಮಾಡಿ ತಂದಿಟ್ಟೆ.

ಕಾಫಿಯನ್ನೂ ಮುಟ್ಟದೆ ಕೂತು ತಿದ್ದಿದಳು. ಸಂಜೆ ಮತ್ತೆ ನನ್ನ ಸರದಿ. ದಪ್ಪ ವಿಮಾನವನ್ನು ಒತ್ತಿದೊಡನೆ ಪರದೆ ಹಳದಿಯಾಗಿ, ಇದರಲ್ಲಿ ಆಯುಧವಿಲ್ಲ, ಕಳಿಸಲೇಬೇಕೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿತು. ಎಂಥ ಮರ್ಯಾದಸ್ಥ ಪ್ರಶ್ನೆ! ಯೋಚಿಸಿದೆ. ಆದರೂ ಮೂರು ಮೂರೇ. 'ಹೌದು' ಒತ್ತಿದೆ. ನಾಲ್ಕೂ ಬಿದ್ದವು.

ಶ್ವೇತಾ ಎದ್ದು ಬಂದು ತಬ್ಬಿಕೊಂಡಳು. "ಪಾಸಾಯ್ತು! ಅದು ಹೇಳ್ತು, ನೀವು ಕೇಳ್ಲಿಲ್ಲ. ಈಗ ತಪ್ಪು ನನ್ನ ಸ್ಕ್ರೀನ್‌ದಲ್ಲ ಅತ್ತೆ, ಪೂರ್ತಿ ನಿಮ್ದೇ!"

ತಪ್ಪನ್ನೆಲ್ಲ ಅತ್ತೆಯ ತಲೆಗೆ ಕಟ್ಟಿ ಹೀಗೆ ಮುದ್ದಾಡಿದ ಸೊಸೆ ಇನ್ನೊಬ್ಬಳಿದ್ದಾಳೋ ಕಾಣೆ. ಮರುದಿನ ಬೆಳಿಗ್ಗೆ ಹಸಿರು ಬಳೆ, ಹೂವಿನ ಬುಟ್ಟಿಯೊಡನೆ ಅವಳು ನರಸೀಪುರದ ಬಸ್ಸು ಹತ್ತಿದಾಗ, ಅಷ್ಟೂ ವಿಮಾನ ಬೀಳಿಸಿದ ಕೈಯನ್ನೇ ಎತ್ತಿ ಹೆಮ್ಮೆಯಿಂದ ಟಾಟಾ ಮಾಡಿದೆ.