ಮೂರನೇ ರವಿವಾರ ಮಡಚಿಟ್ಟ ಕಾಗದ

“ಟೀಚರ್, ನಿಮ್ಮ ಹದಿನಾಲ್ಕೂ ಕಾದಂಬರಿ ಓದೇನ್ರಿ. ಹದಿನಾಲ್ಕರಾಗೂ ಮೂರನೇ ರವಿವಾರ ಅಂತ ಒಂದು ಬಂದ ಬರತೈತಿ. ಯಾಕ್ರಿ ಅದು?”

ಹದಿನೈದು ದಿನದ ಹಿಂದೆ ಬಾದಾಮಿಯಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಎದ್ದು ನಿಂತು ನನ್ನನ್ನು ಹೀಗೆ ಕೇಳಿದಳು. ಅಲ್ಲಿನ ಚರ್ಚಿನ ಮಹಿಳಾ ಕೂಟದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ: ‘ನನ್ನ ಬರವಣಿಗೆಗೆ ಪ್ರೇರಣೆ’.

(ಬರೆಯುವವರನ್ನು ಕರೆದರೆ ಇದೊಂದೇ ವಿಷಯ. ಬಡಗಿಯನ್ನು ವೇದಿಕೆಗೆ ಹತ್ತಿಸಿ ‘ಈ ಕುರ್ಚಿಗೆ ಪ್ರೇರಣೆ ಏನು’ ಎಂದು ಯಾರಾದರೂ ಕೇಳುತ್ತಾರಾ?)

ನಾನು ಎಂದಿನಂತೆ ದೇವರ ಕೃಪೆ, ಅಪ್ಪ ಅವ್ವನ ಆಶೀರ್ವಾದ, ಇಳಕಲ್ಲಿನಲ್ಲಿ ನನ್ನ ಓಣಿಯ ಮಗ್ಗದ ಸಪ್ಪಳ ಎಂದೆಲ್ಲ ಹೇಳಿ ಕೂತಿದ್ದೆ. ಇಪ್ಪತ್ತು ನಿಮಿಷದ ಭಾಷಣ. ಎಲ್ಲ ಊರಿನಲ್ಲೂ ಅದೇ ಭಾಷಣ. ಯಾರೂ ಹೀಗೆ ಅಡ್ಡ ನಿಲ್ಲಿಸಿ ಕೇಳಿರಲಿಲ್ಲ.

“ಅದು ನಮ್ಮ ಪದ್ಧತಿ ಐತಿ ತಂಗಿ. ಹೊರಗಿನವರಿಗೂ ತಿಳೀಲಿ ಅಂತ ಬರೀತೇನಿ” ಎಂದೆ. ಚಪ್ಪಾಳೆ ಬಿತ್ತು. ಸುಳ್ಳಿಗೆ ಬೀಳುವ ಚಪ್ಪಾಳೆ ಯಾವಾಗಲೂ ತುಸು ಜೋರೇ ಇರುತ್ತದೆ.

ನಿಜವಾದ ಕಾರಣ ಬೇರೆ. ಮೂವತ್ತೈದು ವರ್ಷ ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ಪದ್ಧತಿಯ ಮಾತು. ಈ ಅಂಕಣದ ಓದುಗರಲ್ಲಿ ಹೆಚ್ಚಿನವರಿಗೆ ಚರ್ಚು ಎಂದರೆ ಕ್ರಿಸ್‌ಮಸ್ಸಿನ ಕೇಕು. (ಕಳಿಸಲು ತಡವಾದರೆ ಫೋನು ಮಾಡಿ ವಿಚಾರಿಸುವವರೂ ಇದ್ದೀರಿ.) ನಮ್ಮಲ್ಲಿ ಮದುವೆ ಗೊತ್ತಾದರೆ ಸಾಲಾಗಿ ಮೂರು ರವಿವಾರ ಆರಾಧನೆಯ ನಡುವೆ ಅದನ್ನು ಓದಿ ಹೇಳುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಯಾರದಾದರೂ ತಕರಾರಿದ್ದರೆ ಈಗಲೇ ತಿಳಿಸಬೇಕು ಎಂದು. ಒಂದನೇ ರವಿವಾರ, ಎರಡನೇ ರವಿವಾರ, ಮೂರನೇ ರವಿವಾರ. ಮೂರನೆಯದು ಮುಗಿಯಿತೆಂದರೆ ಮದುವೆ ಗಟ್ಟಿ. ಆಮೇಲೆ ಬಳೆ ಅಂಗಡಿಗೆ ಹೋಗಬಹುದು.

ಇನ್ನು ನನ್ನ ಕಸುಬು. ನಾನು ಬರೆಯುವುದು ಪ್ರೇಮ ಕಾದಂಬರಿ. ನಮ್ಮ ಕ್ರೈಸ್ತ ಮನೆಗಳ ಹುಡುಗ ಹುಡುಗಿಯರ ಪ್ರೇಮ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಬೆಳಗಿನ ಐದರಿಂದ ಏಳರವರೆಗೆ ಬರೆಯುತ್ತಿದ್ದೆ. ಮಕ್ಕಳ ಹಳೇ ಉತ್ತರಪತ್ರಿಕೆಗಳಲ್ಲಿ ಖಾಲಿ ಉಳಿದ ಹಾಳೆಗಳೇ ನನ್ನ ಕಾಗದ. ದಡ್ಡ ಹುಡುಗರು ಹೆಚ್ಚಿದ್ದ ವರ್ಷ ಕಾದಂಬರಿ ಉದ್ದವಾಗುತ್ತಿತ್ತು. ನಿವೃತ್ತಿಯಾದ ಮೇಲೆ ಹಾಳೆ ಕೊಂಡು ತರುತ್ತೇನೆ. ಕೊಂಡ ಹಾಳೆಯ ಮೇಲೆ ಅಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ.

ನನ್ನ ಕಾದಂಬರಿಗಳಲ್ಲಿ ಮುತ್ತು ಇಲ್ಲ. ಒಮ್ಮೆ ಒಂದೇ ಒಂದು ಬರೆದಿದ್ದೆ, ಹಣೆಗೆ. ಚರ್ಚಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, ಚಹಾ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದರು: “ಹಣಿಗೆ ಯಾಕವಾ ಟೀಚರ್? ಕೈ ಕುಲುಕಿದ್ರ ಸಾಲೂದಿಲ್ಲೇನು?” ಎರಡನೇ ಮುದ್ರಣದಲ್ಲಿ ಕೈ ಕುಲುಕಿಸಿದೆ.

ನನ್ನ ಪ್ರೇಮಿಗಳು ಭೇಟಿಯಾಗುವುದು ಐಹೊಳೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಒಂದು ಗಂಡು ಒಂದು ಹೆಣ್ಣು ತಾಸುಗಟ್ಟಲೆ ಗೋಡೆ ನೋಡುತ್ತ ನಿಂತರೂ ಯಾರೂ ಅನುಮಾನ ಪಡದ ಜಾಗ ಇನ್ನೆಲ್ಲಿದೆ ಹೇಳಿ? ಮತ್ತು ನನ್ನ ನಾಯಕರೆಲ್ಲರಿಗೂ ಒಂದು ಚಟ ಇದೆ. ಕೂರುವ ಮುಂಚೆ ಕರ್ಚೀಫು ತೆಗೆದು ಜಾಗ ಒರೆಸುತ್ತಾರೆ. ಕುಳಗೇರಿ ಕ್ರಾಸಿನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಪ್ರತಿ ಪುಸ್ತಕ ಬಂದಾಗ ಫೋನು ಮಾಡಿ ಕಾಡುತ್ತಾಳೆ: “ಅಕ್ಕಾರ, ಈ ಸಲ ಕರ್ಚೀಫು ಯಾವ ಬಣ್ಣದ್ದ್ರಿ?”

ಯಾವಾಗಲೂ ತಿಳಿನೀಲಿಯೇ.

ತಿಳಿನೀಲಿ ಕರ್ಚೀಫು ಇದ್ದದ್ದು ಪ್ರಭಾಕರ ಅವರ ಹತ್ತಿರ. (ಹೆಸರು ಬದಲಿಸಿದ್ದೇನೆ. ಕರ್ಚೀಫಿನ ಬಣ್ಣ ಬದಲಿಸಿಲ್ಲ.) ಬಾಗಲಕೋಟೆಯವರು, ಡ್ರಾಯಿಂಗ್ ಮಾಸ್ತರರು. ನನಗಾಗ ಇಪ್ಪತ್ತಾರು. ನಾನು ನಮ್ಮ ಶಾಲೆಯ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ, ಅವರು ಅವರ ಶಾಲೆಯ ಮಕ್ಕಳನ್ನು ಕರೆತಂದಿದ್ದರು. ಅವರು ಕೂತು ಚಿತ್ರ ಬರೆಯುತ್ತಿದ್ದರು. ನಾನು ನೋಡುತ್ತ ನಿಂತೆ. ಪಕ್ಕದ ಮೆಟ್ಟಿಲನ್ನು ಕರ್ಚೀಫಿನಿಂದ ಒರೆಸಿ, “ಕೂಡ್ರಿ ಟೀಚರ್” ಎಂದರು. ಒಂದು ತಾಸು ಕೂತಿದ್ದೆ. ಏನು ಮಾತಾಡಿದೆವು ಎಂದು ಕೇಳಿದರೆ ಇವತ್ತಿಗೂ ಒಂದಕ್ಷರ ಬಿಡದೆ ಹೇಳಬಲ್ಲೆ. ಹೇಳುವುದಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವರ ಮನೆಯಿಂದ ಮಾತು ಬಂತು. ಅಪ್ಪ ನನ್ನನ್ನು ಕೇಳಿದರು. ನಾನು ಎದ್ದು ಒಳಗೆ ಹೋದೆ. ಆಗಿನ ಮನೆಗಳಲ್ಲಿ ಹುಡುಗಿ ಒಳಗೆ ಹೋದಳೆಂದರೆ ಒಪ್ಪಿದಳು ಎಂದೇ ಅರ್ಥ.

ಒಂದನೇ ರವಿವಾರ ನಮ್ಮ ಚರ್ಚಿನಲ್ಲಿ ಸಭಾಪಾಲಕರು, ಅಂದರೆ ಪಾದ್ರಿಗಳು, ನಮ್ಮಿಬ್ಬರ ಹೆಸರು ಓದಿದರು. ಎರಡನೇ ರವಿವಾರವೂ ಓದಿದರು. ನಾನು ತಲೆ ತಗ್ಗಿಸಿ ಬೆಂಚಿನ ಗಂಟು ಎಣಿಸುತ್ತಿದ್ದೆ. ಆ ಎರಡು ರವಿವಾರದಷ್ಟು ಸುಖ ನನಗೆ ಮತ್ತೆಂದೂ ಸಿಗಲಿಲ್ಲ.

ಮೂರನೇ ರವಿವಾರ ಬಾಗಲಕೋಟೆಯಿಂದ ಬೀಗರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಭಾಕರ, ಅವರ ತಾಯಿ, ಸೋದರಮಾವ. ಆರಾಧನೆ ಮುಗಿಸಿ ನಮ್ಮಲ್ಲಿ ಊಟ, ಊಟದ ಮೇಲೆ ಮದುವೆಯ ದಿನ ಗೊತ್ತು ಮಾಡುವುದು. ಆದರೆ ಸಭಾಪಾಲಕರೇ ಬರಲಿಲ್ಲ. ಹುನಗುಂದಕ್ಕೂ ಇಳಕಲ್ಲಿಗೂ ಅವರೊಬ್ಬರೇ. ಹುನಗುಂದದಲ್ಲಿ ಜ್ವರ ಬಂದು ಮಲಗಿಬಿಟ್ಟಿದ್ದರು. ಪ್ರಕಟಣೆಯ ಹಾಳೆಯನ್ನು ಮಾತ್ರ ಬೆಳಗಿನ ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸಿದ್ದರು. ಅವರಿಲ್ಲದಾಗ ಓದುತ್ತಿದ್ದ ಹಿರಿಯರಿಗೆ ಕಣ್ಣಿನ ಆಪರೇಷನ್ ಆಗಿತ್ತು.

“ನಮ್ಮ ಕರುಣಾನ ಓದಲಿ. ಸಂಡೇ ಸ್ಕೂಲ್ ಟೀಚರು, ದನೀನೂ ದೊಡ್ಡದೈತಿ” ಎಂದು ಆ ಹಿರಿಯರು ನನ್ನ ಕಡೆ ಕೈ ತೋರಿಸಿದರು.

ಆ ಹಾಳೆಯಲ್ಲಿ ಏನೇನಿದೆ ಎಂದು ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ. ಮುಂದೆ ನಿಂತು ಓದಿದೆ. ಯುವಜನರ ಕೂಟ ಗುರುವಾರ. ಸುಗ್ಗಿ ಹಬ್ಬಕ್ಕೆ ಕಾಳುಕಡಿ ಕೊಡುವವರು ಶನಿವಾರದೊಳಗೆ ಕೊಡಬೇಕು. ಕಾಯಿಲೆಯಲ್ಲಿರುವ ಇಂಥಿಂಥವರಿಗಾಗಿ ಪ್ರಾರ್ಥಿಸಬೇಕು. ನಾಲ್ಕನೆಯದು ನನ್ನ ಹೆಸರು.

ನೀವೇ ಹೇಳಿ. ನನ್ನ ಹೆಸರನ್ನು ನಾನೇ ಓದಬೇಕು. ಅವರ ಹೆಸರನ್ನು ನನ್ನ ಬಾಯಿಂದ, ಅವರ ತಾಯಿಯ ಎದುರಿಗೆ, ತುಂಬಿದ ಸಭೆಯಲ್ಲಿ ಹೇಳಬೇಕು. ಆಮೇಲೆ ‘ಯಾರದಾದರೂ ತಕರಾರಿದೆಯೇ’ ಎಂದು ನಾನೇ ಕೇಳಿ ಸುತ್ತ ನೋಡಬೇಕು! ದೊಡ್ಡ ದನಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಳೆಯನ್ನು ಎರಡು ಮಡಿಕೆ ಮಡಚಿ ಬೈಬಲ್ಲಿನೊಳಗೆ ಇಟ್ಟು, “ಈಗ ಎಲ್ಲರೂ ಎದ್ದು ಹಾಡೋಣ” ಎಂದುಬಿಟ್ಟೆ.

ಹಾಡು ಮುಗಿದದ್ದೇ ಓಡಿ ಮನೆಗೆ ಬಂದೆ. ಊಟಕ್ಕೆ ಕೂತಾಗ ಎಲ್ಲರೂ ಇದನ್ನೇ ಹೇಳಿ ನಗುತ್ತಾರೆ, ಸಭಾಪಾಲಕರು ಮುಂದಿನ ರವಿವಾರ ಓದುತ್ತಾರೆ, ಅಷ್ಟೇ ತಾನೆ? ಅವ್ವ ಹೋಳಿಗೆ ಮಾಡಿದ್ದಳು. ಎಣ್ಣೆಗಾಯಿ ಒಲೆಯ ಮೇಲಿತ್ತು. ಬೀಗರು ಬರಲಿಲ್ಲ. ಚರ್ಚಿನಿಂದ ನೇರ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು.

ಮರುದಿನ ಅಪ್ಪ ಬಾಗಲಕೋಟೆಗೆ ಹೋದರು. ಪ್ರಭಾಕರ ಅವರ ತಾಯಿ ಹೇಳಿದರಂತೆ: “ಹುಡುಗಿಗೆ ಮನಸಿಲ್ರಿ. ಬಾಯಿ ಬಿಟ್ಟು ಹೇಳಲಾರದ ಕಾಗದ ಮಡಚ್ಯಾಳ. ಮನಸಿದ್ರ ಯಾಕ ಓದಲಿಲ್ಲ, ಕೇಳ್ಕೊಂಡು ಬರ್ರಿ.”

ಅಪ್ಪ ಬಂದು ಕೇಳಿದರು. ‘ಮನಸ್ಸಿದೆ’ ಎಂದು ಅಪ್ಪನ ಮುಖ ನೋಡಿ ಹೇಗೆ ಹೇಳುವುದು? ಎದ್ದು ಒಳಗೆ ಹೋದೆ. ಈ ಸಲ ಅಪ್ಪ ಅದನ್ನು ಒಲ್ಲೆ ಎಂದು ತಿಳಿದರು.

ಇಷ್ಟೇ ಕಥೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಅವರು ಬಂದು ಕೇಳಲಿ ಎಂದು ನಾನು ಕಾದೆ. ನಾನು ಬರೆಯಲಿ ಎಂದು ಅವರು ಕಾದಿರಬೇಕು. ಆಮೇಲೆ ಸಾವಿರಾರು ಹಾಳೆ ಬರೆದವಳು ಆಗ ನಾಲ್ಕು ಸಾಲಿನ ಒಂದು ಕಾಗದ ಬರೆಯಲಿಲ್ಲ. ವರ್ಷದೊಳಗೆ ಅವರಿಗೆ ಬಾದಾಮಿಯ ಹುಡುಗಿಯ ಜೊತೆ ಮದುವೆಯಾಯಿತು, ಕೆಲಸವೂ ಅಲ್ಲಿಗೇ ವರ್ಗವಾಯಿತು. ನನಗೆ ಬೇರೆ ಕಡೆಯಿಂದ ಮಾತುಗಳು ಬಂದವು. ಆಗ ಮಾತ್ರ ಅಪ್ಪನಿಗೆ ‘ಬ್ಯಾಡ’ ಎಂದು ಸ್ಪಷ್ಟವಾಗಿ ಹೇಳಲು ಬಂತು.

ನಾನು ಸೊಸೆಯಾಗಿ ಹೋಗಬೇಕಿದ್ದ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಅದು ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಪ್ರೂಫ್ ತಿದ್ದಲು ಬಾಗಲಕೋಟೆಯ ನವನಗರದ ಪ್ರೆಸ್ಸಿಗೆ ಹೋದಾಗಲೆಲ್ಲ ಒಂದು ಗಳಿಗೆ ಆ ನೀರಿನ ಕಡೆ ನೋಡಿ ಬರುತ್ತೇನೆ. ಮನೆ ಉಳಿದಿದ್ದರೆ ಅದರ ಮುಂದೆ ಸುಮ್ಮನೆ ಒಮ್ಮೆ ಹಾದು ಹೋಗಬಹುದಿತ್ತು.

ಅದಕ್ಕೇ ಹದಿನಾಲ್ಕು ಕಾದಂಬರಿಯಲ್ಲೂ ಮೂರನೇ ರವಿವಾರ. ಒಂದರಲ್ಲಿ ಸಭಾಪಾಲಕರ ಸೈಕಲ್ ಪಂಕ್ಚರ್ ಆಗುತ್ತದೆ, ಓಡಿ ಬಂದು ಓದುತ್ತಾರೆ. ಒಂದರಲ್ಲಿ ಚರ್ಚಿನೊಳಗೆ ಆಡು ನುಗ್ಗುತ್ತದೆ, ಅದನ್ನು ಹೊರಗಟ್ಟಿ ಓದುತ್ತಾರೆ. ಏನೇ ಆಗಲಿ, ಓದುತ್ತಾರೆ. ಯಾರಿಗೂ ತಕರಾರಿರುವುದಿಲ್ಲ. ಬರೆದು ಮುಗಿಸಿದ ದಿನ ನನಗೆ ಊಟ ರುಚಿಸುತ್ತದೆ.

ಮತ್ತೆ ಬಾದಾಮಿಗೆ ಬರೋಣ. ಒಂದು ಮಾತು ನಿಮಗೆ ಹೇಳಿಲ್ಲ. ನಾನು ಭಾಷಣ ಶುರು ಮಾಡಿದ ಹೊತ್ತಿಗೆ ನೆರೆತ ತಲೆಯ ಒಬ್ಬರು ತಡವಾಗಿ ಬಂದು, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತರು. ಆಮೇಲೆ ನಾನು ‘ದೇವರ ಕೃಪೆ’ ಎಂದು ಎರಡು ಸಲ ಹೇಳಿದೆನಂತೆ. ಜನ ನನ್ನನ್ನು ಭಕ್ತೆ ಎಂದುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಚಹಾ, ಮಿರ್ಚಿ ಭಜಿ. ಅವರು ತಟ್ಟೆ ಹಿಡಿದು ಬಂದು ಎದುರಿಗೆ ನಿಂತರು.

“ಗುರ್ತು ಸಿಕ್ಕತೇನ್ರಿ ಟೀಚರ್?”

“ಸಿಕ್ಕತ್ರಿ.”

“ಸುಶೀಲಾ ತೀರಿಕೊಂಡು ಮೂರು ವರ್ಷ ಆತು. ನನ್ನ ಹೆಂಡತಿ. ನಿಮ್ಮ ಪುಸ್ತಕ ಎಲ್ಲಾ ಆಕಿ ಕಪಾಟಿನ್ಯಾಗ ಅದಾವು. ಐದನೇದು ಓದಿದ ದಿನ ನನ್ನ ಕೇಳಿದ್ಲು, ‘ಈ ಕರ್ಚೀಫಿನ ಮನಶ್ಯಾ ನೀವ ಹೌದಲ್ರಿ?’ ಅಂತ. ನಾ ಎಲ್ಲಾ ಹೇಳಿದ್ನಿ.”

“ಏನಂದ್ರು ಅವರು?”

“ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅಂದ್ಲು, ‘ಆಕಿ ಒಲ್ಲೆ ಅಂದಿಲ್ಲ. ಒಲ್ಲೆ ಅಂದಾಕಿ ಪುಸ್ತಕಕ್ಕೊಂದು ಮದವಿ ಓದಸ್ತಾಳೇನು? ನಾಚಿಕೊಂಡಾಳ, ಪಾಪ.’ ಆಮ್ಯಾಲ ಆರನೇದನ್ನೂ ತರಿಸಿಕೊಂಡ್ಲು.”

ನಾನೆಂದೂ ನೋಡದ ಆ ಹೆಣ್ಣುಮಗಳು, ನನ್ನ ಮೇಲೆ ಸಿಟ್ಟಾಗುವ ಹಕ್ಕಿದ್ದವಳು, ನನ್ನನ್ನು ಸರಿಯಾಗಿ ಓದಿದ್ದಳು. ಆಕೆಯ ಜಾಗದಲ್ಲಿ ನಾನಿದ್ದರೆ ಆರನೇ ಪುಸ್ತಕ ತರಿಸುತ್ತಿದ್ದೆನಾ? ಇಲ್ಲ. ಒಲೆಗೆ ಹಾಕುತ್ತಿದ್ದೆ.

“ಆಕಿ ಇರೂತನಾ ನಿಮ್ಮನ್ನ ಬಂದು ಕೇಳೂದು ಸರಿ ಅನ್ನಿಸಲಿಲ್ಲ. ಈಗ ಕೇಳ್ತೇನಿ. ಆಕಿ ಅಂದದ್ದು ಖರೇನ್ರಿ?”

ಅಷ್ಟರಲ್ಲಿ ಮಂಗವೊಂದು ಗೋಡೆಯಿಂದ ಹಾರಿ ಅವರ ತಟ್ಟೆಯ ಮಿರ್ಚಿ ಕಸಿದುಕೊಂಡು ಹೋಯಿತು. (ಬಾದಾಮಿಯ ಮಂಗಗಳಿಗೆ ಹೊತ್ತುಗೊತ್ತಿಲ್ಲ.) ಎಲ್ಲರೂ ಹೋ ಎಂದರು. ನಾನೂ ಗಟ್ಟಿಯಾಗಿ ನಕ್ಕೆ. ಬದುಕಿದೆ ಎಂದುಕೊಂಡೆ. ಅವರು ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

“ಮಂಗ್ಯಾ ಹೋತ್ರಿ ಟೀಚರ್. ಹೇಳ್ರಿ.”

ಅರವತ್ತು ದಾಟಿದವಳು, ಹದಿನಾಲ್ಕು ಪ್ರೇಮ ಕಾದಂಬರಿಯ ಲೇಖಕಿ, ಈಗಷ್ಟೇ ಶಾಲು ಹೊದಿಸಿಕೊಂಡವಳು ಏನೆಂದೆ ಗೊತ್ತೇ? “ನನ್ನ ಬಸ್ಸಿನ ಹೊತ್ತಾತ್ರಿ” ಎಂದೆ.

ಅವರು ಬಸ್‌ಸ್ಟ್ಯಾಂಡಿನವರೆಗೆ ನನ್ನ ಚೀಲ ಹಿಡಿದು ಬಂದರು. ಮತ್ತೆ ಕೇಳಲಿಲ್ಲ. ಕಿಟಕಿಯ ಕೆಳಗೆ ನಿಂತು, “ನಿಮ್ಮ ಅಂಕಣಾನೂ ತಪ್ಪದ ಓದ್ತೇನ್ರಿ” ಎಂದರು. ಬಸ್ಸು ಹೊರಟಿತು. ಅಮೀನಗಡ ದಾಟುವ ಹೊತ್ತಿಗೆ ಉತ್ತರ ಬಾಯಿಗೆ ಬಂತು. ಪಕ್ಕದಲ್ಲಿದ್ದವರು ಕರದಂಟಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು.

ಅಂದಿನಿಂದ ಒಂದೇ ಯೋಚನೆ. ಹೆಣ್ಣುಮಕ್ಕಳಿಗೆ ‘ಬೇಡ’ ಅನ್ನುವುದನ್ನು ಕಲಿಸಿ ಎಂದು ಈಗ ಎಲ್ಲ ಕಡೆ ಹೇಳುತ್ತಾರೆ. ಕಲಿಸಲೇಬೇಕು, ನಾನೂ ಕಲಿಸಿದ್ದೇನೆ. ‘ಬೇಕು’ ಅನ್ನುವುದನ್ನು ಯಾರು ಕಲಿಸುತ್ತಾರೆ? ನನಗೆ ಬೇಕಿತ್ತು. ಆ ಮನೆ, ಆ ಮನುಷ್ಯ, ಆ ಸಂಸಾರ, ಎಲ್ಲ ಬೇಕಿತ್ತು. ಇದನ್ನು ಹೇಳಲು ಪಾತ್ರಗಳಿಗೆ ಬೇರೆಯವರ ಹೆಸರಿಟ್ಟು ಹದಿನಾಲ್ಕು ಪುಸ್ತಕ ಬರೆದೆ. ಸ್ವಂತ ಹೆಸರಿನಲ್ಲಿ ಹೇಳುತ್ತಿರುವುದು ಇವತ್ತೇ ಮೊದಲು.

ಪ್ರಭಾಕರ ಅವರೇ, ಸುಶೀಲಾ ಅವರು ಹೇಳಿದ್ದು ಖರೆ.

ನಿಮ್ಮ ಹತ್ತಿರ ಇನ್ನೊಂದು ಪ್ರಶ್ನೆ ಉಳಿದಿದ್ದರೆ, ಬಾದಾಮಿಯಿಂದ ಇಳಕಲ್ಲಿಗೂ ಬಸ್ಸು ಬರುತ್ತದೆ, ಅಲ್ಲವೇ?