ಹರಗೋಲಿನ ತೊಗಲು ಕಟ್ಟಿದ ವಿಮಾನ

ಎಪ್ಪತ್ತರ ದಶಕದ ಕೊನೆ. ನಾನು ಮಾನ್ವಿಯಲ್ಲಿ ಹತ್ತನೆಯ ತರಗತಿ. ನನ್ನ ದಿನಚರಿಯ ಆ ತಿಂಗಳ ಪುಟಗಳಲ್ಲಿ ಒಂದು ಶುಕ್ರವಾರದವರೆಗೆ ಒಂದೇ ಲೆಕ್ಕವಿದೆ: ಪರೀಕ್ಷೆ ಹನ್ನೊಂದು, ಮುಳುಗಿದ್ದು ಹನ್ನೊಂದು.

ಮುಳುಗುತ್ತಿದ್ದದ್ದು ನನ್ನ ವಿಮಾನ. ಎರಡು ಮಹಾಯುದ್ಧಗಳ ನಡುವೆ ಪ್ರಯೋಗಕ್ಕೆಂದು ಕಟ್ಟಿದ ಸೇನಾ ವಿಮಾನವೊಂದರ ಚಿತ್ರ ಶಾಲೆಯ ಹಳೆಯ ಪತ್ರಿಕೆಯಲ್ಲಿ ಸಿಕ್ಕಿತ್ತು. ಹೊಟ್ಟೆ ದೋಣಿಯದು, ಪಕ್ಕದಲ್ಲಿ ಎತ್ತಿ ಇಳಿಸುವ ಗಾಲಿಗಳು. ನೀರಿಗೂ ನೆಲಕ್ಕೂ ಇಳಿಯುವಂಥದ್ದು. ಎಣ್ಣೆ ಡಬ್ಬಿಯ ತಗಡಿನಲ್ಲಿ ಅದರ ಮಾದರಿ ಮಾಡಿದ್ದೆ. ಗಾಲಿಯ ಕಡ್ಡಿ ಹೊಟ್ಟೆಯೊಳಗೆ ಹೋಗುವ ತೂತಿನಲ್ಲೇ ನೀರು ನುಗ್ಗುತ್ತಿತ್ತು. ಮೇಣ ತುಂಬಿದರೆ ಗಾಲಿ ಎತ್ತುವಾಗ ಒಡೆಯುತ್ತಿತ್ತು.

"ಸೋಮವಾರ ತೇಲಿದ್ರ ರಾಯಚೂರಿನ ಪ್ರದರ್ಶನಕ್ಕ ಒಯ್ಯೂಣು. ಇಲ್ಲಾಂದ್ರ ಇಲ್ಲೇ ಇರಲಿ," ಎಂದರು ವಿಜ್ಞಾನದ ಮಾಸ್ತರರು.

ಶನಿವಾರ ದೇವದುರ್ಗದ ಬಸ್ಸು ಹಿಡಿದೆ. ಅವ್ವನ ಅಪ್ಪ, ನಮ್ಮ ಮುತ್ಯಾ, ಅಲ್ಲಿಂದಾಚೆ ಕೃಷ್ಣೆಯ ದಂಡೆಯಲ್ಲಿ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ಹರಗೋಲು ಕಟ್ಟುತ್ತಿದ್ದ. ಮನೆಯ ಬಕೀಟಿನಲ್ಲಿ ಹನ್ನೊಂದು ಸಲ ಮುಳುಗಿದ್ದನ್ನು ಹೇಳಿ ಮಾದರಿಯನ್ನು ಅವನ ಕೈಗಿಟ್ಟೆ.

"ದೋಣಿಗೆ ಗಾಲಿ, ಗಾಲಿ ಮ್ಯಾಲ ರೆಕ್ಕಿ. ಇದನ್ನ ಮಾಡಿದಾವ ಎಲ್ಲಿಗೆ ಹೋಗಾವ ಇದ್ನಬೇ?"

"ಯುದ್ಧಕ್ಕ ಮುತ್ಯಾ."

"ಹೌದೇನು? ನಿಮ್ಮ ಬಕೀಟಿನ್ಯಾಗ ಸೋತು ಕುಂತದಲ್ಲ."

ಹರಗೋಲಿನ ರೂಢಿಯಲ್ಲೇ ಮುತ್ಯಾ ಹೊಟ್ಟೆಗೆಲ್ಲ ದಪ್ಪನೆ ಡಾಂಬರು ಬಳಿದ. ಆ ಭಾರಕ್ಕೆ ವಿಮಾನ ರೆಕ್ಕೆಯವರೆಗೂ ಇಳಿದು ಮುಳುಗಿತು. ಹನ್ನೆರಡು. ಮುತ್ಯಾ ಡಾಂಬರನ್ನೆಲ್ಲ ಕೆರೆದು ತೆಗೆದ. ಆಮೇಲೆ ಹೊಟ್ಟೆಯ ಮೇಲುಮುಚ್ಚಳ ತೆಗೆಸಿ, ತಗಡನ್ನು ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿದ.

"ಬೆಳಕು ಬರೂ ಕಡೀನ ನೀರೂ ಬರ್ತದ ಯವ್ವಾ. ಎರಡ ತೂತು. ಉಳಿದದ್ದು ಗಟ್ಟಿ ಅದ. ಇಡೀ ಹೊಟ್ಟಿಗೆ ಬಳದದ್ದು ನನ್ನ ತಪ್ಪು."

ಎಣ್ಣೆಯಲ್ಲಿ ನೆನೆಸಿದ ತೆಳು ತೊಗಲಿನಿಂದ ಎರಡು ಪುಟ್ಟ ಚೀಲ ಹೊಲಿದ. ಒಂದು ಬಾಯಿ ಕಡ್ಡಿಗೆ ಬಿಗಿದು ಕಟ್ಟಿ, ಇನ್ನೊಂದನ್ನು ತೂತಿನ ಸುತ್ತ ಡಾಂಬರಿನಿಂದ ಅಂಟಿಸಿದ. ಗಾಲಿ ಎತ್ತಿದರೆ ತೊಗಲು ಮಡಚಿಕೊಳ್ಳುತ್ತಿತ್ತು, ಇಳಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಹದಿಮೂರನೆಯ ಸಲ ವಿಮಾನ ತೇಲಿತು. ಸೋಮವಾರ ಮಾಸ್ತರರ ಮುಂದೆಯೂ ತೇಲಿತು.

ರಾಯಚೂರಿಗೆ ಮುತ್ಯಾನೂ ಬಂದ. ನೀರಿನ ತೊಟ್ಟಿಯ ಮುಂದೆ ತೀರ್ಪುಗಾರರು ಇಪ್ಪತ್ತು ಸಲ ಗಾಲಿ ಎತ್ತಿ ಇಳಿಸಿದರು. ಒಳಗೆ ಬೆರಳಾಡಿಸಿ ನೋಡಿದರು. ಒಣಗಿಯೇ ಇತ್ತು.

"ಈ ತೊಗಲಿನ ಉಪಾಯ ಯಾರದು?"

"ನಮ್ಮ ಮುತ್ಯಾಂದ್ರಿ."

"ವಿಮಾನ ನೋಡೀರೇನ್ರಿ ಅಜ್ಜಾರ?"

"ಇಲ್ರಿ. ನೀರು ನೋಡೀನ್ರಿ."

ಮಾದರಿಯ ಮುಂದಿನ ಚೀಟಿಯಲ್ಲಿ ತಯಾರಿಸಿದವರು ಎಂದು ನನ್ನ ಹೆಸರೊಂದೇ ಇತ್ತು. ಪೆನ್ನು ತೆಗೆದು ಅದರ ಮೇಲಿನ ಸಾಲಿನಲ್ಲಿ ಮುತ್ಯಾನ ಹೆಸರು ಬರೆದೆ. ಅವನಿಗೆ ಓದು ಬಾರದು. ತನ್ನ ಹೆಸರು ಯಾವುದೆಂದು ಕೇಳಿ ತಿಳಿದುಕೊಂಡು, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತ ಸಂಜೆಯವರೆಗೂ ಅಲ್ಲೇ ನಿಂತ.